ಸೊಸೆಯ ಬಿ.ಎ.ಗೆ ಮಾವನ ಹಾಜರಿ

ನಾನು ಎಲ್ಲಿ ಕಾಲಿಟ್ಟರೂ ಅಲ್ಲೊಂದು ಪ್ರಸಂಗ ಆಗಿಯೇ ತೀರುತ್ತದೆ. ನಾನಾಗಿ ಮಾಡುವುದಲ್ಲ, ಅದಾಗಿ ಆಗುವುದು. ಚಿಕ್ಕ ಹುಡುಗನಿದ್ದಾಗಲೇ ಶುರುವಾಯಿತು. ನಾನು ಇಸ್ಕೂಲಿಗೆ ಹೋದದ್ದು ಒಟ್ಟು ಅರ್ಧ ದಿನ. ಬೆಳಗ್ಗೆ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಭಾಗಾಕಾರ ಹಾಕಿ ತಾವೇ ಸಿಕ್ಕಿಹಾಕಿಕೊಂಡರು. ನಾನು ಕೂತಲ್ಲಿಂದಲೇ ಉತ್ತರ ಹೇಳಿದೆ. ಮಧ್ಯಾಹ್ನ ಮೇಷ್ಟ್ರೇ ನಮ್ಮ ಮನೆಗೆ ಬಂದು, "ಗೌಡ್ರೇ, ಈ ಹುಡುಗನ್ನ ನಾಳೆಯಿಂದ ಕಳಿಸ್ಬೇಡಿ. ನಾನು ಹೆಂಡ್ರು ಮಕ್ಕಳು ಇರೋನು, ನನ್ನ ಕೆಲಸ ಹೋಗ್ಬಿಡ್ತದೆ" ಅಂತ ನಮ್ಮಪ್ಪನನ್ನು ಬೇಡಿಕೊಂಡರು. ಅನುಮಾನ ಇದ್ದರೆ ವಿಚಾರಿಸಿ. ಮೇಷ್ಟ್ರು ಈಗಿಲ್ಲ. ನಮ್ಮಪ್ಪನೂ ಇಲ್ಲ. ನನ್ನ ಪಕ್ಕ ಕೂತಿದ್ದ ಇಬ್ಬರು ಹುಡುಗರೂ ಹೋದರು. ಆ ಇಸ್ಕೂಲು ನಮ್ಮ ಹಳೇ ಊರಿನ ಜೊತೆಗೇ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದೆ. ಬೋರ್ಡು ಅಲ್ಲೇ ಇರಬೇಕು. ಈಜು ಬರುವವರು ಹೋಗಿ ನೋಡಿಕೊಂಡು ಬರಬಹುದು.

ಅರ್ಧ ದಿನದ ಓದಾದ್ದರಿಂದ ನನಗೆ ಬರೆಯುವುದು ಬರುವುದಿಲ್ಲ. ನಾನು ಹೇಳುತ್ತೇನೆ, ಸೊಸೆ ಬರೆಯುತ್ತಾಳೆ. ನನ್ನ ಮಾತು ಒರಟಾದ ಕಡೆ ಅವಳು ತೀಡಿದ್ದಾಳೆ. ಅಲ್ಲಲ್ಲಿ ಸಪ್ಪೆ ಅನ್ನಿಸಿದರೆ ಅದು ನನ್ನ ತಪ್ಪಲ್ಲ.

ಕಥೆಯೂ ಅವಳ ಡಿಗ್ರಿಯದೇ. ನಮ್ಮದು ಕಟ್ಟಾಯದ ಹತ್ತಿರ ಒಂದು ಹಳ್ಳಿ. ಆಲೂಗಡ್ಡೆ, ರಾಗಿ, ನಾಲ್ಕು ಹಸು. ಮಗನ ಮದುವೆ ಮಾತಿಗೆ ಹೋದಾಗ ಹುಡುಗಿ ಎರಡು ವರ್ಷದ ಬಿ.ಎ. ಮುಗಿಸಿದ್ದಳು. "ಇನ್ನೊಂದು ವರ್ಷ ಉಳಿದೈತಲ್ಲ" ಅಂತ ಬೀಗರು ರಾಗ ಎಳೆದರು. ನಾನು ತಾಂಬೂಲದ ತಟ್ಟೆ ಮುಟ್ಟಿ, "ನಿಮ್ ಮಗಳ ಡಿಗ್ರಿ ನನ್ ಜವಾಬ್ದಾರಿ. ಇದು ನನ್ ಮಾತು" ಅಂದುಬಿಟ್ಟೆ. ಸಭೆಯಲ್ಲಿ ಅಂಥ ಮಾತು ನನ್ನ ಬಾಯಿಂದ ಸಲೀಸಾಗಿ ಬರುತ್ತದೆ.

ಆಮೇಲೆ ಮದುವೆ, ಬಾಣಂತನ, ಹಸು, ಹೊಲ ಅಂತ ಮೂರು ವರ್ಷ ಉರುಳಿದವು. ಒಂದು ದಿನ ಸೊಸೆ ಹಾಲು ಕರೆಯುತ್ತಾ ತಲೆ ಎತ್ತದೆ, "ಮಾವ, ಸೇರಿ ಆರು ವರ್ಷದೊಳಗೆ ಮುಗಿಸ್ಬೇಕಂತೆ. ಇದೇ ಕೊನೇ ವರ್ಷ. ತಪ್ಪಿದ್ರೆ ಓದಿದ್ದೆಲ್ಲ ನೀರಿಗೆ ಹಾಕ್ದಂಗೆ" ಅಂದಳು. ಕೇಳಿದ್ದಲ್ಲ, ಬರೀ ಹೇಳಿದ್ದು. ಕೇಳಿದ್ದರೆ ಇಲ್ಲ ಅನ್ನಬಹುದಿತ್ತು. ಮಗ, "ಈಗ್ಯಾಕೆ?" ಅಂದ. ನನ್ನ ಹೆಂಡತಿ, "ಹಸ ಯಾರು ನೋಡೋರು?" ಅಂದಳು. ಬೇಡ ಅಂತ ಇಬ್ಬರು ಹೇಳಿದರೆ ಆ ಕೆಲಸ ಮಾಡದೆ ನನಗೆ ಊಟ ಸೇರುವುದಿಲ್ಲ. ಪಂಚೆ ಎತ್ತಿ ಕಟ್ಟಿದೆ. "ನಡಿಯವ್ವ ಕಾಲೇಜ್ಗೆ" ಅಂದೆ.

ಡೆಲ್ಲಿಯಿಂದ ಬಂದ ಮಾತು

ಕಾಲೇಜು ಯಾವ ಊರಿನದು ಅಂತ ಹೇಳುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕರಲ್ಲಿ ಒಂದು. ಹೇಳಿದರೆ ನಮ್ಮ ಕಾಲೇಜಿಗೆ ನೀವು ಬರಲಿಲ್ಲವಲ್ಲ ಅಂತ ಮಿಕ್ಕ ಮೂರು ಊರಿನವರು ಬೇಜಾರು ಮಾಡಿಕೊಳ್ಳುತ್ತಾರೆ.

ಆಫೀಸಿನ ಗುಮಾಸ್ತರು ಸೊಸೆಯ ಹಳೇ ಮಾರ್ಕ್ಸ್ ಕಾರ್ಡುಗಳನ್ನು ತಿರುವಿ ಹಾಕಿದರು. "ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಎಲ್ಲ ಚೆನ್ನಾಗಿದೆ. ಈ ವರ್ಷದ ಪಾಠ ಮುಗಿಸಿದ್ರೆ ಅದಾಯ್ತು. ಆದ್ರೆ ಸಣ್ಣ ಪುಟ್ಟವು ಉಳಿಸ್ಕೊಂಡಿದ್ದೀರಮ್ಮ. ಪರಿಸರ ಪೇಪರು, ಓಪನ್ ಎಲೆಕ್ಟಿವ್ ಒಂದು, ಎನ್ನೆಸ್ಸೆಸ್ ಶಿಬಿರ, ಪ್ರಾಜೆಕ್ಟು. ಹಾಜರಿ ನೂರಕ್ಕೆ ಎಪ್ಪತ್ತೈದು ಇರ್ಬೇಕು. ಇದರಲ್ಲಿ ಒಂದು ತಪ್ಪಿದ್ರೂ ಡಿಗ್ರಿ ಇಲ್ಲ."

"ಇತಿಹಾಸ ಓದೋಳಿಗೆ ಶಿಬಿರದಲ್ಲಿ ಕಸ ಗುಡಿಸೋದು ಯಾಕೆ ಸಾ?" ಅಂದೆ.

"ಕಡ್ಡಾಯ."

"ಯಾರು ಕಡ್ಡಾಯ ಮಾಡಿದ್ದು? ಅವರ್ನ ಕರೀರಿ, ಮಾತಾಡ್ಬುಡ್ತೀನಿ."

ಗುಮಾಸ್ತರು ಪ್ರಿನ್ಸಿಪಾಲರ ರೂಮು ತೋರಿಸಿದರು. ಪ್ರಿನ್ಸಿಪಾಲರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. "ನಾನು ಮಾಡಿದ್ದಲ್ಲ ಯಜಮಾನ್ರೇ, ಮೈಸೂರಿಂದ ಬಂದದ್ದು."

"ಮೈಸೂರೋರ್ಗೆ ಯಾರು ಏಳಿದ್ದು?"

"ಬೆಂಗಳೂರಿನವರು."

"ಅವರ್ಗೆ?"

"ಡೆಲ್ಲಿಯವರು."

"ಡೆಲ್ಲಿಯಿಂದ ಇಲ್ಗಂಟ ಬಂದ ಮಾತು ಕೆಡದೆ ಬಂದದಾ ಸಾ? ನಮ್ಮನೆ ಹಾಲು ಆಸನಕ್ಕೆ ಓಗೋದ್ರೊಳ್ಗೇ ಒಡೀತದೆ!"

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೂ ಕಡ್ಡಾಯ ಕಡ್ಡಾಯವಾಗಿಯೇ ಉಳಿಯಿತು. ಸೊಸೆ ಆ ಐದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಅಡಿಗೆ ಮನೆಯ ಗೋಡೆಗೆ ಅಂಟಿಸಿದಳು. ದೊಡ್ಡ ಹೊಳೆ ಈಜಿ ಬಂದವಳು ಈ ಕಡೆ ದಡದಲ್ಲಿ ಕೆಸರಿಗೆ ಸಿಕ್ಕಿಕೊಂಡ ಹಾಗಿತ್ತು ಅವಳ ಪಾಡು.

ಅತ್ತೆ ಹಸು, ಸೊಸೆ ಕಾರ್ಡು

ಮೊಮ್ಮಗನಿಗೆ ಆಗ ಎರಡು ವರ್ಷ. ಅವ್ವನನ್ನು ಬಿಟ್ಟು ಇರುತ್ತಿರಲಿಲ್ಲ. ಹಾಗಾಗಿ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನೂ ದಿನಾ ಬಸ್ಸು ಹತ್ತಿದೆ. ಕ್ಲಾಸಿನ ಕಿಟಕಿಗೆ ಒತ್ತಿಕೊಂಡು ಒಂದು ಹೊಂಗೆ ಮರ ಇತ್ತು. ಅದರ ಬುಡದಲ್ಲಿ ನಮ್ಮ ಬಿಡಾರ. ಕಿಟಕಿಯಲ್ಲಿ ಅವ್ವ ಕಾಣಿಸಿದರೆ ಮಗು ಸುಮ್ಮನಿರುತ್ತಿತ್ತು. ಒಂದು ವಾರದಲ್ಲೇ ಅದಕ್ಕೆ ಪದ್ಧತಿ ಗೊತ್ತಾಯಿತು. ಅರ್ಥಶಾಸ್ತ್ರದ ಮೇಡಂ ಸೊಸೆಯ ಹೆಸರು ಕೂಗುವುದೇ ತಡ, ಅವಳು ಬಾಯಿ ಬಿಡುವ ಮೊದಲು ಕಿಟಕಿಯಿಂದ "ಎಚ್ ಮೇಡಂ" ಅಂತ ಮೊಮ್ಮಗ ತೊದಲಿ ಕೂಗುತ್ತಿದ್ದ.

ಮಗುವಿಗೆ ಜ್ವರ, ಹಸು ಕರು ಹಾಕಿತು, ಆಲೂಗಡ್ಡೆ ಕೀಳುವ ಕೆಲಸ ಬಂತು ಅಂತ ಸೊಸೆಗೆ ಆಗಾಗ ತಪ್ಪುತ್ತಿತ್ತು. ನಾನು ತಪ್ಪಿಸಲಿಲ್ಲ. ಅವಳಿಲ್ಲದ ದಿನವೂ ಒಬ್ಬನೇ ಹೋಗಿ, ಹೊಂಗೆ ಮರದ ಕೆಳಗೆ ಪಾಠ ಕೇಳಿ, ಸಾಯಂಕಾಲ ಅವಳಿಗೆ ಒಪ್ಪಿಸುತ್ತಿದ್ದೆ. ಮೇಡಂ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳುತ್ತಿದ್ದೆ ಅನ್ನಿ.

ವರ್ಷದ ಕೊನೆಗೆ ನೋಡಿದರೆ ಸೊಸೆಯ ಹಾಜರಿ ಎಪ್ಪತ್ತೊಂದು! ನಾಲ್ಕು ಕಮ್ಮಿ. ಅವಳ ಮುಖ ಬಾಡಿಹೋಯಿತು. ನಾನು ಸೀದಾ ಮೇಡಂ ಹತ್ತಿರ ಹೋದೆ.

"ಮೇಡಂ, ನಾನೆಷ್ಟು ದಿನ ಬಂದೀವ್ನಿ?"

"ನೀವಾ? ನೀವು ಒಂದು ದಿನಾನೂ ತಪ್ಪಿಸಿಲ್ಲವಲ್ಲ ಯಜಮಾನ್ರೇ" ಅಂದರು ಮೇಡಂ.

"ಹಂಗಾದ್ರೆ ನನ್ ಹಾಜ್ರೀಲಿ ನಾಲ್ಕು ತೆಗ್ದು ಅವಳ್ಗೆ ಆಕಿ. ಡೇರೀಲಿ ಅತ್ತೆ ಹಸೀನ ಹಾಲು ಸೊಸೆ ಕಾರ್ಡಿಗೆ ಆಕಾಕಿಲ್ವಾ? ಒಂದೇ ಮನೆ ತಾನೆ? ಡೇರಿ ಸೆಕ್ರೆಟ್ರಿ ಯಾವತ್ತೂ ಇಲ್ಲ ಅಂದಿಲ್ಲ."

ಮೇಡಂ ಅರಕಲಗೂಡು ಕಡೆಯ ರೈತರ ಮನೆಯವರು. ಡೇರಿ ಕಂಡವರು. ತುಂಬಾ ಹೊತ್ತು ನಕ್ಕರು. ಕೊನೆಗೆ, ಹಾಜರಿ ಕಮ್ಮಿ ಇರುವ ಎಲ್ಲರಿಗೂ ನಾಲ್ಕು ಭಾನುವಾರ ಇಡೀ ದಿನ ಹೆಚ್ಚಿನ ಕ್ಲಾಸು ಮಾಡುತ್ತೇನೆ, ಬಂದವರಿಗೆ ಹಾಜರಿ ಅಂದರು. ಸೊಸೆ ನಾಲ್ಕಕ್ಕೆ ನಾಲ್ಕೂ ಹೋದಳು.

"ಅಲ್ಲಾ ಮೇಡಂ, ನನ್ ಹಾಜ್ರಿ ಸುಮ್ನೆ ದಂಡ ಆಯ್ತಲ್ಲ" ಅಂದೆ.

"ನಿಮ್ಮ ಹಾಜರಿ ನೀರು ಹಾಲು, ಡೇರೀಲಿ ಅಳೆದ್ರೆ ಫ್ಯಾಟು ಬರಲ್ಲ ಯಜಮಾನ್ರೇ. ಅರ್ಧ ಹೊತ್ತು ಗೊರಕೆ ಹೊಡೀತಿದ್ರಿ."

ಮೂಸುವುದು ಪಠ್ಯದಲ್ಲಿಲ್ಲ

ಓಪನ್ ಎಲೆಕ್ಟಿವ್ ಅಂದರೆ ಬೇರೆಯವರ ಹೊಲದಲ್ಲಿ ಒಂದು ಸಾಲು ಉಳುವುದು. ಬಿ.ಎ. ಓದುವವರು ವಿಜ್ಞಾನದವರದೋ ಕಾಮರ್ಸಿನವರದೋ ಒಂದು ಪಾಠ ಓದಬೇಕು. ಸೊಸೆಗೆ ಕಂಪ್ಯೂಟರಿನ ಮೇಲೆ ಮನಸ್ಸು. ನಾನು ಬಿಡಲಿಲ್ಲ. ಸಸ್ಯಶಾಸ್ತ್ರದವರು ಬೆಳೆ ಮತ್ತು ಬೆಳೆ ರೋಗ ಅಂತ ಒಂದು ಇಟ್ಟಿದ್ದರು.

"ಅದ್ರಲ್ಲಿ ಆಲೂಗಡ್ಡೆ ಐತಾ?" ಅಂದೆ.

"ಐತೆ ಮಾವ."

"ಬರ್ಸು ಹೆಸ್ರು. ಆಲೂಗಡ್ಡೆಗೆ ನನ್ನ ಬಿಟ್ರೆ ಇನ್ನಾರು ಪ್ರೊಫೆಸ್ರು?"

ಪುಸ್ತಕ ಮುಚ್ಚಿಟ್ಟು ನಾನೇ ಪಾಠ ಮಾಡಿದೆ. ಮೊದಲ ಟೆಸ್ಟಿನಲ್ಲಿ ನನ್ನ ಅದೃಷ್ಟಕ್ಕೆ ಪ್ರಶ್ನೆ ಅದೇ ಬಂತು. ಆಲೂಗಡ್ಡೆಗೆ ಅಂಗಮಾರಿ ರೋಗ ಬರುವುದನ್ನು ಗುರುತಿಸುವುದು ಹೇಗೆ? ಸೊಸೆ ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಬರೆದಳು. ಮೂರು ದಿನ ಮೋಡ ಕವಿದು ಇಬ್ಬನಿ ಕೂತರೆ ನಾಲ್ಕನೇ ದಿನ ಬೆಳಗ್ಗೆ ಬದುವಿನ ಮೇಲೆ ನಿಂತು ಗಾಳಿ ಮೂಸಬೇಕು, ಕೊಳೆತ ಸೊಪ್ಪಿನ ವಾಸನೆ ಬಂದರೆ ರೋಗ ಬಂತು ಅಂತಲೇ ಲೆಕ್ಕ. ಇಪ್ಪತ್ತಕ್ಕೆ ಮೂರು ಕೊಟ್ಟರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, "ಮೂಸುವುದು ಪಠ್ಯದಲ್ಲಿಲ್ಲ" ಅಂತ ಬರೆದಿದ್ದರು.

ನನಗೆ ಉರಿದುಹೋಯಿತು. ಹೊಲದಿಂದ ರೋಗ ಹಿಡಿದ ಒಂದು ಗಿಡ ಕಿತ್ತುಕೊಂಡು ಹೋಗಿ ಸಸ್ಯಶಾಸ್ತ್ರದ ಮೇಷ್ಟ್ರ ಟೇಬಲ್ಲಿನ ಮೇಲಿಟ್ಟೆ. "ಸಾ, ಇದು ನಿಮ್ ಪಠ್ಯ ಓದ್ಕಂಡ್ ಬಂದ ರೋಗವಾ, ಓದ್ದೆ ಬಂದ ರೋಗವಾ? ನೀವೇ ಏಳಿ."

"ಯಜಮಾನ್ರೇ, ಇದು ಶಿಲೀಂಧ್ರದಿಂದ ಬರೋದು. ಪುಸ್ತಕದಲ್ಲಿ..."

"ಹೆಸ್ರು ಇಟ್ಬುಟ್ರೆ ಓಯ್ತದಾ ಸಾ? ಪುಸ್ತಕದೋರ್ಗೆ ಎಲೆ ಕರ್‍ರಗಾದ್ ಮ್ಯಾಲೆ ಗೊತ್ತಾಯ್ತದೆ. ನನ್ ಮೂಗಿಗೆ ಒಂದಿನ ಮುಂಚೆ ಗೊತ್ತಾಯ್ತದೆ. ಆ ಒಂದಿನದಲ್ಲಿ ಔಸ್ದಿ ಒಡೀಬೋದು. ನಿಮ್ ಪಠ್ಯದಲ್ಲಿ ಆ ಒಂದಿನ ಎಲ್ಲೈತೆ, ತೋರ್ಸಿ!"

ಮೇಷ್ಟ್ರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಹೊಡೆಯುತ್ತಾರೇನೋ ಅಂತ ನಾನೂ ಪಂಚೆ ಎತ್ತಿ ಕಟ್ಟಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

"ಮಾರ್ಕ್ಸು ಪುಸ್ತಕದ ಪ್ರಕಾರಾನೇ ಕೊಡ್ಬೇಕು. ಮುಂದಿನ ಟೆಸ್ಟಿಗೆ ನಿಮ್ಮ ಸೊಸೆ ಪುಸ್ತಕ ಓದ್ಕೊಂಡು ಬರಲಿ. ಅದಿರಲಿ. ಹೊಳೆನರಸೀಪುರದ ಹತ್ರ ನಮ್ಮದೂ ಒಂದೆಕರೆ ಆಲೂಗಡ್ಡೆ ಇದೆ. ಭಾನುವಾರ ಒಂಚೂರು ಬಂದು ಮೂಸಿ ಹೋಗ್ತೀರಾ?"

ಅತ್ತೆಯ ಕವರು

ಪರಿಸರ ಪೇಪರಿಗೆ ಮನೆಯಲ್ಲಿರುವ ಪ್ಲಾಸ್ಟಿಕ್ ಕವರೆಲ್ಲ ತರಬೇಕು, ಹೇಗೆ ಕಮ್ಮಿ ಮಾಡುತ್ತೀರಿ ಅಂತ ಬರೆಯಬೇಕು ಅಂದಿದ್ದರಂತೆ. ನನ್ನ ಹೆಂಡತಿಯ ಮಂಚದ ಕೆಳಗೆ ಮದುವೆ ಮನೆಗಳಲ್ಲಿ ತೆಂಗಿನಕಾಯಿ ಕೊಟ್ಟ ಕವರುಗಳು ಒಂದು ಮೂಟೆ ಇವೆ. ಎಲ್ಲ ತೊಳೆದು, ಒಣಗಿಸಿ, ಮಡಿಸಿ ಇಟ್ಟದ್ದು. ಸೊಸೆ ಕೈ ಹಾಕಿದ್ದೇ ತಡ, "ಫೋಟೋ ಬೇಕಾದ್ರೆ ತಗೊಂಡೋಗು, ಕವರು ಮುಟ್ಟಿದ್ರೆ ನೋಡು!" ಅಂತ ಹೆಂಡತಿ ಅಡ್ಡ ನಿಂತಳು. ಒಂದು ಕವರು ಹರಿದು ನೂಲಾಗುವವರೆಗೆ ಅವಳು ಬಿಡುವುದಿಲ್ಲ.

ಸೊಸೆ ಅದನ್ನೇ ಬರೆದಳು. ನಮ್ಮ ಅತ್ತೆ ಒಂದು ಕವರನ್ನು ಎಷ್ಟು ವರ್ಷ ಬಳಸುತ್ತಾರೆ ಅಂತ. ಆ ಪೇಪರಿನಲ್ಲಿ ಕ್ಲಾಸಿಗೇ ಹೆಚ್ಚು ಮಾರ್ಕ್ಸು ಬಂತು. ಅವತ್ತಿನಿಂದ ನನ್ನ ಹೆಂಡತಿ ಸಿಕ್ಕಿದವರಿಗೆಲ್ಲ, "ನಮ್ ಯಜಮಾನ್ರು ಏಳ್ಕೊಟ್ಟಿದ್ದಕ್ಕೆ ಮೂರು ಬಂತು, ನಾನು ಏಳ್ಕೊಡದೇನೇ ಪಾಸಾದ್ಲು" ಅನ್ನುತ್ತಾಳೆ.

ಗಲೀಜು ಎಲ್ಲಿ?

ಎನ್ನೆಸ್ಸೆಸ್ ಶಿಬಿರ ಏಳು ದಿನದ್ದು. ಯಾವುದಾದರೂ ಹಳ್ಳಿಗೆ ಹೋಗಿ ಅಲ್ಲೇ ಉಳಿದು ಶ್ರಮದಾನ ಮಾಡಬೇಕು. ಎರಡು ವರ್ಷದ ಮಗು ಬಿಟ್ಟು ಸೊಸೆ ಎಲ್ಲಿಗೆ ಹೋಗುತ್ತಾಳೆ? ಶಿಬಿರ ನೋಡಿಕೊಳ್ಳುವ ಮೇಷ್ಟ್ರಿಗೆ ನಾನು ಹೇಳಿದೆ. "ನಮ್ಮೂರ್ಗೇ ತನ್ನಿ ಸಾ. ನಮ್ಮೂರಷ್ಟು ಗಲೀಜು ಈ ಜಿಲ್ಲೇಲೇ ಇಲ್ಲ. ಚರಂಡಿ ನೋಡುದ್ರೆ ನಿಮ್ ಕಣ್ಣಲ್ಲಿ ನೀರು ಬತ್ತದೆ."

ಮೇಷ್ಟ್ರು ಬಂದು ನೋಡಿದರು. ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಬಹಳ ಸಂತೋಷವಾಗಿ ಶಿಬಿರ ನಮ್ಮೂರಿಗೇ ಗೊತ್ತು ಮಾಡಿದರು.

ಒಂದು ವಿಷಯ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಊರಿಗೆ ಐವತ್ತು ಜನ ಓದುವ ಮಕ್ಕಳು ಬರುತ್ತಾರೆ ಅಂತ ಸುದ್ದಿ ಹಬ್ಬಿದ್ದೇ ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಮನೆಗೆ ನೆಂಟರು ಬರುವ ಮುಂಚೆ ಅಂಗಳ ಗುಡಿಸುವ ಜನ. ನಾಲ್ಕು ದಿನದಲ್ಲಿ ಚರಂಡಿ ಎತ್ತಿ, ತಿಪ್ಪೆ ಸರಿಸಿ, ಗೋಡೆಗೆ ಸುಣ್ಣ ಬಳಿದು, ಬೀದಿಯುದ್ದಕ್ಕೂ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟರು. ಮಕ್ಕಳು ಪೊರಕೆ, ಗುದ್ದಲಿ, ಮಂಕರಿ ಹಿಡಿದು ಬಸ್ಸಿಂದ ಇಳಿದವರು ಹಾಗೇ ನಿಂತುಬಿಟ್ಟರು. ಕಾಲಿಡಲು ಹೆದರಿಕೆ, ರಂಗೋಲಿ ಅಳಿಸಿಹೋಗುತ್ತಲ್ಲ ಅಂತ.

ಮೇಷ್ಟ್ರ ಮುಖ ಬೆಳ್ಳಗಾಯಿತು. "ಯಜಮಾನ್ರೇ, ಗಲೀಜು ಎಲ್ಲಿ?"

"ನಿನ್ನೆಗಂಟ ಇತ್ತು ಸಾ!"

"ಕೆಲಸಕ್ಕೆ ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ ಕಳಿಸ್ಬೇಕು. ಕೆಲಸ ಇಲ್ಲ ಅಂದ್ರೆ ಒಬ್ಬರಿಗೂ ಮಾರ್ಕ್ಸಿಲ್ಲ."

ಒಬ್ಬರಿಗೂ ಇಲ್ಲ ಅಂದರೆ ನನ್ನ ಸೊಸೆಗೂ ಇಲ್ಲ. ಬಿಡುತ್ತೇನೆಯೇ? ಮಗನ ಕೈಲಿ ಟ್ರ್ಯಾಕ್ಟರು ಹೊಡೆಸಿಕೊಂಡು ಪಕ್ಕದ ಊರಿಗೆ ಹೋಗಿ ಒಂದು ಟ್ರೈಲರ್ ಕಸ ಬೇಡಿ ತಂದೆ. ಅವರು ಸಂತೋಷದಿಂದ ಕೊಟ್ಟರು, ಇನ್ನೊಂದು ಲೋಡಿಗೂ ಬನ್ನಿ ಅಂದರು. ತಂದು ಬೀದಿಯಲ್ಲಿ ಸುರಿಸಿದೆ. ಮೇಷ್ಟ್ರು ನಮ್ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಫೋಟೋ ತೆಗೆಯಲು ಹೊರಗೆ ಬರುತ್ತಾರೆ, ಕಸವೇ ಇಲ್ಲ! ಹೆಂಗಸರು ಬಾಚಿ ಹಾಕಿ, ಹೊಸದಾಗಿ ರಂಗೋಲಿ ಎಳೆಯುತ್ತಿದ್ದರು. ಎರಡನೇ ಲೋಡು ತಂದಾಗ ನನ್ನ ಹೆಂಡತಿಯೇ ಪೊರಕೆ ಹಿಡಿದು ಟ್ರ್ಯಾಕ್ಟರಿಗೆ ಅಡ್ಡ ನಿಂತಳು.

"ಊರೋರ್ ಕಸ ತಂದು ನಮ್ ಬೀದೀಲಿ ಸುರೀತೀರಾ? ಸುರೀರಿ ನೋಡಾನ. ಅದ್ನ ತಗ್ದು ನಿಮ್ ತಲೆ ಮ್ಯಾಲೇ ಸುರೀತೀನಿ!"

ಮೇಷ್ಟ್ರು ಮೆಲ್ಲಗೆ, "ಅಮ್ಮಾ, ಮಕ್ಕಳಿಗೆ ಏನಾದ್ರೂ ಕೆಲಸ ಬೇಕಲ್ಲ" ಅಂದರು.

"ಕೆಲ್ಸ ತಾನೆ ಬೇಕಾಗಿರೋದು? ಅದ್ಕೆ ಇಷ್ಟೆಲ್ಲ ಆಟವಾ?" ಅಂದವಳೇ ಐವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮನೆಗೆ ಇಬ್ಬರಂತೆ ಹಂಚಿಬಿಟ್ಟಳು. ಏಳು ದಿನ ಊರಿನ ಕೊಟ್ಟಿಗೆಯೆಲ್ಲ ಮಕ್ಕಳೇ ಬಾಚಿದರು, ಗೊಬ್ಬರ ಹೊತ್ತರು, ಹಸು ಮೈ ತೊಳೆದರು. ಫೋಟೋ ಬೇಕಾದಷ್ಟು ಸಿಕ್ಕಿತು. ಕೊಟ್ಟಿಗೆ ಬಾಚುವುದಕ್ಕೆ ಮುಂಚೆ, ಬಾಚಿದ ಮೇಲೆ. ಸೊಸೆಗೆ ನಮ್ಮ ಕೊಟ್ಟಿಗೆಯೇ ಬಂತು. ದಿನಾ ಮಾಡುವ ಕೆಲಸಕ್ಕೆ ಮೊದಲ ಸಲ ಮಾರ್ಕ್ಸು ಬಂತು ಅಂತ ನಕ್ಕಳು.

ಎಂಟನೇ ದಿನ ಬಸ್ಸು ಹೊರಟಾಗ ನಮ್ಮೂರ ಹೆಂಗಸರೆಲ್ಲ ಸೆರಗಲ್ಲಿ ಕಣ್ಣು ಒರೆಸಿಕೊಂಡರು. ಮೇಷ್ಟ್ರು ಬಸ್ಸಿನ ಮೆಟ್ಟಿಲಿಂದ ಇಳಿದು ಬಂದು, "ಎಂಥ ಪ್ರೀತಿಯಮ್ಮಾ ನಿಮ್ಮದು" ಅಂದರು.

"ಪ್ರೀತಿ ಅಂಗಿರ್ಲಿ ಸಾ" ಅಂದಳು ನನ್ನ ಹೆಂಡತಿ. "ನಾಳೆಯಿಂದ ಸಗಣಿ ನಾವೇ ಬಾಚ್ಬೇಕಲ್ಲ!"

ಮುತ್ತಾತನ ಹುಲಿ

ಬೆಳೆ ರೋಗದ್ದನ್ನು ಸೊಸೆ ಪುಸ್ತಕ ಓದಿಯೇ ಪಾಸು ಮಾಡಿಕೊಂಡಳು. ಅಲ್ಲಿಗೆ ನಾಲ್ಕು ಮುಗಿದವು. ಉಳಿದದ್ದು ಪ್ರಾಜೆಕ್ಟು. ತಮ್ಮ ಊರಿನ ಕಡೆಯ ಒಂದು ಹಳೇ ವಸ್ತು ಹಿಡಿದು, ಹಿರಿಯರನ್ನು ಕೇಳಿ ಬರೆದು, ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಕೂತು ಉತ್ತರ ಕೊಡಬೇಕು. ಮಿಕ್ಕವರು ಶೆಟ್ಟಿಹಳ್ಳಿ ಚರ್ಚು, ಜಿನನಾಥಪುರದ ಬಸದಿ ಅಂತ ಹೊರಟರು. "ನೀನ್ಯಾಕೆ ಅಲೀತೀಯವ್ವ? ನಮ್ ಇತ್ತಲಲ್ಲೇ ವೀರಗಲ್ಲು ಐತಲ್ಲ. ಹಿರಿಯ ಅಂತ ನಾನೂ ಐವ್ನಿ" ಅಂದೆ.

ಆ ಕಲ್ಲಿನಲ್ಲಿ ಈಟಿ ಹಿಡಿದ ಒಬ್ಬ ಗಂಡಸು, ಅವನ ಎದುರಿಗೆ ಒಂದು ಪ್ರಾಣಿ. ಗಂಡಸು ನಮ್ಮ ಮುತ್ತಾತ. ಪ್ರಾಣಿ ಹುಲಿ. ಒಬ್ಬನೇ ಹುಲಿ ಕೊಂದದ್ದಕ್ಕೆ ಅರಸರು ಕರೆಸಿ, ಶಾಲು ಹೊದಿಸಿ, ಈ ಕಲ್ಲು ನಿಲ್ಲಿಸಿದರು. ಸೋಮವಾರದಿಂದ ಬುಧವಾರದವರೆಗೆ ಮೂರು ದಿನ ಹೇಳಿದೆ. ಸೊಸೆ ಎದುರು ಮಾತಾಡದೆ ಬರೆದುಕೊಂಡಳು. ಒಂದು ದಿನ ಕಲ್ಲಿಗೆ ನೀರು ಹಾಕಿ, ರಾಗಿ ಹಿಟ್ಟು ಸವರಿ, ಬಗ್ಗಿ ಬಗ್ಗಿ ನೋಡುತ್ತಿದ್ದಳು. ಮುತ್ತಾತನಿಗೆ ಪೂಜೆ ಮಾಡುತ್ತಿದ್ದಾಳೆ ಅಂದುಕೊಂಡು ನಾನೂ ಕೈ ಮುಗಿದೆ.

ಪರೀಕ್ಷೆಯ ದಿನ ಬಸ್ಸಿನಲ್ಲಿ ಅವಳು ಬರೆದ ಹಾಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. "ಏನ್ ಬರ್ದಿದ್ದೀಯವ್ವ?" ಅಂದೆ.

"ನೀವು ಹೇಳಿದ್ದೆಲ್ಲ ಬರ್ದಿದ್ದೀನಿ ಮಾವ" ಅಂದಳು. ಅದು ಸುಳ್ಳಲ್ಲ. ಒಂದನ್ನೂ ಬಿಟ್ಟಿರಲಿಲ್ಲ.

ಪರೀಕ್ಷಕರು ಬಿಗಿ ಮನುಷ್ಯ. ಅವಳಿಗಿಂತ ಮುಂಚೆ ಹೋದ ಮೂವರು ಒಂದೇ ಬಸದಿಯ ಬಗ್ಗೆ ಒಂದೇ ತಪ್ಪು ಬರೆದಿದ್ದರಂತೆ. "ಕಾಪಿ ಹೊಡ್ಕೊಂಡು ಬಂದಿದ್ದೀರಿ. ಮುಂದಿನ ವರ್ಷ ಹೊಸದಾಗಿ ಮಾಡ್ಕೊಂಡು ಬನ್ನಿ" ಅಂತ ಎಬ್ಬಿಸಿ ಕಳಿಸಿದರು. ನನ್ನ ಸೊಸೆಗೆ ಮುಂದಿನ ವರ್ಷ ಎಲ್ಲಿದೆ? ನಾನು ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಗೆ ಅಂಟಿಕೊಂಡೆ. ಅವಳು ಹೋಗಿ ಕೂತಳು. ಪರೀಕ್ಷಕರು ಅವಳ ಬರಹ ತೆಗೆದು ಜೋರಾಗಿ ಓದಿದರು.

"ಹೇಳಿಕೆ ಒಂದು, ನನ್ನ ಮಾವನವರದು. ಇದು ನಮ್ಮ ಮುತ್ತಾತ ಹುಲಿ ಕೊಂದದ್ದಕ್ಕೆ ಅರಸರು ನಿಲ್ಲಿಸಿದ ಕಲ್ಲು. ಹುಲಿಯ ಉದ್ದ ಸೋಮವಾರ ಒಂಬತ್ತು ಅಡಿ, ಬುಧವಾರ ಹದಿನೈದು ಅಡಿ."

ನನಗೆ ಎದೆ ಉಬ್ಬಿತು. ಪರೀಕ್ಷಕರು ಹಾಳೆ ತಿರುವಿದರು.

"ಹೇಳಿಕೆ ಎರಡು, ನನ್ನ ಅತ್ತೆಯವರದು. ಈ ಕಲ್ಲನ್ನು ನಿನ್ನ ಮಾವ ಕೆರೆ ಏರಿ ಕೆಳಗಿಂದ ಗಾಡಿಯಲ್ಲಿ ಹೊಡೆದುಕೊಂಡು ಬಂದು ಹಿತ್ತಲಲ್ಲಿ ಬೋರಲು ಹಾಕಿದರು, ಬಟ್ಟೆ ಒಗೆಯೋಕೆ. ಮೂವತ್ತು ವರ್ಷ ಅದರ ಮೇಲೇ ಒಗೆದಿದ್ದೀನಿ. ಸಿಮೆಂಟು ಕಟ್ಟೆ ಕಟ್ಟಿಸುವಾಗ ಮಗುಚಿದರು, ಅಡಿಯಲ್ಲಿ ಚಿತ್ರ ಕಾಣಿಸಿತು. ಅವತ್ತು ಸಾಯಂಕಾಲದಿಂದ ಇವರಿಗೊಬ್ಬ ಮುತ್ತಾತ ಹುಟ್ಟಿಕೊಂಡ."

ಒಳಗೆ ಕೂತಿದ್ದ ಮಕ್ಕಳೆಲ್ಲ ಕಿಟಕಿ ಕಡೆ ತಿರುಗಿದರು.

"ಪರಿಶೀಲನೆ. ಕಲ್ಲಿಗೆ ಹಿಟ್ಟು ಸವರಿದಾಗ ಗೆರೆಗಳು ಎದ್ದು ಕಂಡವು. ಪ್ರಾಣಿಗೆ ಕೋರೆ ಇದೆ, ಮೂತಿ ಉದ್ದ, ಬಾಲ ಗಿಡ್ಡ. ಇದು ಹುಲಿಯಲ್ಲ, ಕಾಡುಹಂದಿ."

ನನಗೆ ತಡೆಯಲಾಗಲಿಲ್ಲ. "ಹುಲೀನೇ ಸಾ ಅದು! ನಮ್ ಮುತ್ತಾತನ್ನ ಕಂಡು ಎದ್ರುಕೊಂಡು ಅಂಗಾಗೈತೆ!" ಅಂತ ಕಿಟಕಿಯಿಂದಲೇ ಕೂಗಿದೆ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಸೊಸೆ ಮಾತ್ರ ನಗಲಿಲ್ಲ. ತಲೆ ತಗ್ಗಿಸಿಯೂ ಇರಲಿಲ್ಲ.

ಪರೀಕ್ಷಕರು ಕೇಳಿದರು. "ಮಾವ ಹೇಳಿದ್ದನ್ನೇ ಬರೆದು ಸುಮ್ಮನಾಗಬಹುದಿತ್ತಲ್ಲಮ್ಮ. ಮನೆಯಲ್ಲಿ ಜಗಳ ಆಗಲ್ವೇ?"

"ಆಗ್ಬಹುದು ಸರ್. ಆದ್ರೆ ಮಾವ ಹೇಳಿದ್ದನ್ನ ಬರೆದು ಪಾಸಾದ್ರೆ ಅದು ಮಾವನ ಡಿಗ್ರಿ ಆಗ್ತದೆ. ನನಗೆ ನನ್ನದು ಬೇಕು."

ಪರೀಕ್ಷಕರು ಹಾಳೆಯ ಕೆಳಗೆ ಸಹಿ ಹಾಕಿದರು. "ಇಷ್ಟು ಜನರಲ್ಲಿ ಕಲ್ಲು ಮುಟ್ಟಿ ನೋಡಿದವಳು ನೀನೊಬ್ಬಳೇ. ಹೋಗಮ್ಮ, ಪಾಸು" ಅಂದರು.

ಬಸ್ ಸ್ಟ್ಯಾಂಡಿನವರೆಗೆ ನಾನು ಮೊಮ್ಮಗನನ್ನು ಹೊತ್ತುಕೊಂಡು ಮುಂದೆ ಮುಂದೆ ನಡೆದೆ. ಅವಳೇ ಕೇಳಿದಳು. "ಕೋಪಾನಾ ಮಾವ?"

"ಕೋಪ ಯಾಕವ್ವ? ಎಪ್ಪತ್ತು ವರ್ಷದಿಂದ ಏಳ್ತಾನೇ ಇವ್ನಿ, ಒಬ್ಬ ನನ್ ಮಗನ ಕೈಲೂ ಇಡಿಯಾಕಾಗ್ನಿಲ್ಲ. ಅದ್ಕೆ ಬಿ.ಎ.ನೇ ಬೇಕಾಯ್ತು ನೋಡು" ಅಂದೆ. ಅವಳು ಮಗುವನ್ನು ಇಸಿದುಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ನೋಡಲು ಹೋಗಲಿಲ್ಲ. ಮುಂದಿನ ತಿಂಗಳು ಫಲಿತಾಂಶ ಬಂತು. ಎಲ್ಲ ಪೇಪರೂ ಆಯಿತು, ಡಿಗ್ರಿ ಆಯಿತು. ನಾನು ಆಡಿದ ಮಾತು ನಿಂತಿತು.

ಒಂದು ವಿಷಯ ಹೇಳುವುದು ಬಿಟ್ಟುಹೋಯಿತು. ಅವತ್ತು ನಾನು ಕಿಟಕಿಯಿಂದ ಹುಲಿ ಅಂತ ಕೂಗಿದೆನಲ್ಲ, ಆಗ ಅಷ್ಟು ದೊಡ್ಡ ಪರೀಕ್ಷಕರು ಕುರ್ಚಿ ಬಿಟ್ಟು ಎದ್ದು, ನನ್ನ ಹತ್ತಿರಕ್ಕೆ ನಡೆದು ಬಂದು, ತುಂಬಿದ ಸಭೆಯಲ್ಲಿ ನನಗೆ ಎರಡೂ ಕೈ ಎತ್ತಿ ಮುಗಿದರು. ಇದನ್ನು ದೊಡ್ಡಕ್ಷರದಲ್ಲಿ ಬರಿಯವ್ವ.

ಸೊಸೆ ಪೆನ್ನು ಕೆಳಗಿಟ್ಟಳು. "ಮಾವ, ಅವರು ಎದ್ದು ಬಂದಿದ್ದು ಕಿಟಕಿ ಮುಚ್ಚೋಕೆ. ಕೈ ಮುಗಿದಿದ್ದು, ದಯವಿಟ್ಟು ಗೇಟ್ ಹತ್ರ ಹೋಗಿ ಕೂತ್ಕೊಳ್ಳಿ ಯಜಮಾನ್ರೇ ಅಂತ."

ನಾನು ಹೆಗಲು ಕೊಡವಿದೆ.

"ಮುಗುದ್ರು ತಾನೆ? ಅಷ್ಟು ಬರ್ಕೊ."